ಬೇಟೆಗೆ ದುಬಾರಿ ಬೈನಾಕ್ಯುಲರ್ ಬೇಕಾ? ಹಣ ಕೊಡುವ ಮುಂಚೆ ಹಂತ ಹಂತವಾಗಿ ನಿರ್ಧರಿಸುವುದು ಹೇಗೆ

ಕೈಯಲ್ಲಿ ಮಧ್ಯಮ ದರ್ಜೆಯ ಒಂದು ಬೈನಾಕ್ಯುಲರ್ ಇದೆ. ಕೆಟ್ಟದ್ದೇನಲ್ಲ. ಪ್ರಾಣಿ ಕಾಣುತ್ತದೆ, ಕೆಲಸ ನಡೆಯುತ್ತದೆ. ಆದರೂ ಸ್ವರೋವ್ಸ್ಕಿ, ಝೈಸ್, ಲೈಕಾ ಅನ್ನುವ ದುಬಾರಿ ಕಂಪನಿಗಳ ಹೆಸರು ಕಿವಿಗೆ ಬಿದ್ದಾಗಲೆಲ್ಲ ಮನಸ್ಸು ಅತ್ತ ಎಳೆಯುತ್ತದೆ. ನಾಲ್ಕೈದು ಪಟ್ಟು ಹಣ ಕೊಟ್ಟರೆ ನಾಲ್ಕೈದು ಪಟ್ಟು ಚೆನ್ನಾಗಿ ಕಾಣುತ್ತಾ? ಇಲ್ಲ. ಮಟಮಟ ಮಧ್ಯಾಹ್ನ ಬಯಲಲ್ಲಿ ನಿಂತ ಜಿಂಕೆಯನ್ನು ಎರಡರಲ್ಲೂ ನೋಡಿದರೆ ವ್ಯತ್ಯಾಸ ಹೇಳುವುದೇ ಕಷ್ಟ.

ದುಬಾರಿ ಬೈನಾಕ್ಯುಲರ್ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಮುಸ್ಸಂಜೆಯ ಬೆಳಕಿನ ವಿಷಯ. "ಅರ್ಧ ಗಂಟೆ ಜಾಸ್ತಿ ನೋಡಬಹುದು" ಅನ್ನುತ್ತಾರೆ. ಆ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ, ಯಾಕೆ ಅಂತ ಮುಂದೆ ನೋಡೋಣ. ಒಳ್ಳೆಯ ಗಾಜಿನ ನಿಜವಾದ ಉಪಯೋಗ ಕಾಣುವುದು ಗಂಟೆಗಟ್ಟಲೆ ಕೂತು ಗುಡ್ಡ ಜಾಲಾಡುವಾಗ. ಮೂರನೇ ಗಂಟೆಯಲ್ಲೂ ಕಣ್ಣು ನೋಯಬಾರದು, ತಲೆ ಭಾರ ಆಗಬಾರದು, ಮತ್ತೊಮ್ಮೆ ನೋಡಬೇಕು ಅನ್ನಿಸಬೇಕು. ಈ ಬರಹದಲ್ಲಿ ನಾನು ಹಿಡಿದಿರುವ ದಾರಿ ಇದೇ: ಹಣ ಗಂಟೆಗಳಿಗಾಗಿ ಕೊಡಿ, ನಿಮಿಷಗಳಿಗಾಗಿ ಬೇಡ.

ಹಂತ 1: ನೀವು ಎಷ್ಟು ಹೊತ್ತು ನೋಡುತ್ತೀರಿ?

ಹಿಂದಿನ ಸೀಸನ್ ನೆನಪು ಮಾಡಿಕೊಳ್ಳಿ. ಒಂದು ದಿನದ ಬೇಟೆಯಲ್ಲಿ ಬೈನಾಕ್ಯುಲರ್ ನಿಜವಾಗಿ ಕಣ್ಣಿಗೆ ಅಂಟಿಕೊಂಡಿದ್ದದ್ದು ಎಷ್ಟು ಹೊತ್ತು? ಕೊರಳಲ್ಲಿ ನೇತಾಡಿದ್ದು ಲೆಕ್ಕಕ್ಕಿಲ್ಲ.

ದಟ್ಟ ಕಾಡಿನಲ್ಲಿ ನಡೆದಾಡಿ ಬೇಟೆಯಾಡುವವರು ಐವತ್ತು, ನೂರು ಮೀಟರ್ ಆಚೆ ಏನೋ ಅಲುಗಾಡಿತು ಅಂತ ಎತ್ತಿ ನೋಡುತ್ತಾರೆ, ಇಳಿಸುತ್ತಾರೆ. ಒಂದು ಸಲಕ್ಕೆ ಹತ್ತು ಸೆಕೆಂಡ್. ಅವರಿಗೆ ಬೇಕಾದದ್ದು ಹಗುರವಾದ, ಅಗಲವಾಗಿ ಕಾಣುವ, ಬೇಗ ಫೋಕಸ್ ಆಗುವ ಒಂದು 8×32 ಅಥವಾ 8×42 (ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿ.ಮೀ. ಲೆಕ್ಕದಲ್ಲಿ). ಮಚಾನು ಮೇಲೆ ಕೂತು ಒಂದೇ ಕಾಡಂಚನ್ನು ಕಾಯುವವರು ಇವರಿಗಿಂತ ಜಾಸ್ತಿ ನೋಡುತ್ತಾರೆ. ಆದರೆ ಅವರಿಗೂ ಪ್ರಾಣಿ ಬರುವ ಜಾಗ ಮುಂಚೆಯೇ ಗೊತ್ತು.

ಬೆಟ್ಟದ ನೆತ್ತಿಯಲ್ಲಿ ಕೂತು ಎದುರಿನ ಇಳಿಜಾರನ್ನು ತುಂಡು ತುಂಡಾಗಿ ಹುಡುಕುವವರ ಕಥೆ ಬೇರೆ. ಅಮೆರಿಕದ ಅರಿಜೋನಾದ ಒಣ ಗುಡ್ಡಗಳಲ್ಲಿ 15×56 ಬೈನಾಕ್ಯುಲರನ್ನು ಟ್ರೈಪಾಡ್ ಮೇಲೆ ಇಟ್ಟು ಬೆಳಗಿನಿಂದ ಸಂಜೆವರೆಗೆ ನೋಡುತ್ತಾ ಕೂರುತ್ತಾರೆ. ಅವರ ಬೇಟೆ ನಡೆಯುವುದೇ ಗಾಜಿನೊಳಗೆ. ಪ್ರಾಣಿ ಪೂರ್ತಿ ಕಾಣುವುದಿಲ್ಲ. ಒಂದು ಕಿವಿ, ಪೊದೆಯ ನಡುವೆ ಅಡ್ಡಗೆರೆಯ ಹಾಗೆ ಬೆನ್ನು, ನೆರಳಲ್ಲಿ ಒಂದು ಕೊಂಬಿನ ತುದಿ, ಅಷ್ಟೇ. ಅದನ್ನು ಗುರುತಿಸಲು ಕಣ್ಣು ಹುಷಾರಾಗಿರಬೇಕು, ಮನಸ್ಸಿಗೆ ತಾಳ್ಮೆ ಇರಬೇಕು.

ದಿನಕ್ಕೆ ಒಟ್ಟು ಅರ್ಧ ಗಂಟೆಗಿಂತ ಕಡಿಮೆ ನೋಡುವವರಾದರೆ ಇಲ್ಲಿಗೇ ನಿಲ್ಲಿಸಬಹುದು. ಮುಂದಿನ ಎರಡು ಹಂತ ಓದಿ, ಹಣ ಉಳಿಸಿ. ಎರಡು ಗಂಟೆಗಿಂತ ಜಾಸ್ತಿ ಇದ್ದರೆ ಪ್ರಶ್ನೆ ಗಂಭೀರವಾಗಿ ಕೇಳಿಕೊಳ್ಳಬೇಕಾದದ್ದೇ.

ಹಂತ 2: ಇರುವುದನ್ನು ಮೊದಲು ಸರಿ ಮಾಡಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಹಳೆಯ ಬೈನಾಕ್ಯುಲರ್ ಮಂಜಾಗಿ ಕಾಣುತ್ತದೆ ಅನ್ನುವವರ ಐಪೀಸ್, ಅಂದರೆ ಕಣ್ಣಿನ ಕಡೆಯ ಲೆನ್ಸ್ ನೋಡಿ. ರೆಪ್ಪೆಯ ಜಿಡ್ಡು, ಬೆವರು, ಧೂಳು ಸೇರಿ ತೆಳ್ಳಗೆ ಒಂದು ಪೊರೆ ಕಟ್ಟಿರುತ್ತದೆ. ಹಗಲಲ್ಲಿ ಅದು ಗೊತ್ತಾಗುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಇಡೀ ಚಿತ್ರ ಬೆಳ್ಳಗಾಗುತ್ತದೆ.

ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ. ಆಮೇಲೆ ಮೆತ್ತನೆಯ ಬ್ರಷ್. ಕೊನೆಗೆ ಲೆನ್ಸ್ ಬಟ್ಟೆಗೆ ಒಂದೆರಡು ಹನಿ ಲೆನ್ಸ್ ದ್ರವ ಹಾಕಿ, ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ದ್ರವವನ್ನು ನೇರ ಗಾಜಿನ ಮೇಲೆ ಸುರಿಯಬೇಡಿ. ಅಂಗಿಯ ಚುಂಗಿನಿಂದ ಒಣ ಗಾಜನ್ನು ತಿಕ್ಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮರಳಿನ ಒಂದು ಕಣ ಸಾಕು, ಗಾಜಿನ ಮೇಲಿನ ತೆಳು ಲೇಪಕ್ಕೆ (ಕೋಟಿಂಗ್) ಗೀರು ಬೀಳುತ್ತದೆ.

ಮುಂದೆ ಡಯಾಪ್ಟರ್. ಎರಡು ಕಣ್ಣಿನ ಶಕ್ತಿಯ ವ್ಯತ್ಯಾಸವನ್ನು ಸರಿದೂಗಿಸುವ ಬಳೆ ಇದು, ಸಾಮಾನ್ಯವಾಗಿ ಬಲ ಐಪೀಸಿನ ಹತ್ತಿರ ಇರುತ್ತದೆ. ಅದನ್ನು ಒಮ್ಮೆಯೂ ಮುಟ್ಟದವರು ಬಹಳ ಜನ ಇದ್ದಾರೆ. ಹೊಂದಿಸುವುದು ಹೀಗೆ: ಐವತ್ತು ಮೀಟರ್ ದೂರದಲ್ಲಿ ಅಂಚು ಚೆನ್ನಾಗಿ ಕಾಣುವ ಒಂದು ವಸ್ತು ಆರಿಸಿ. ಫಲಕದ ಅಕ್ಷರವೋ ಒಣ ಕೊಂಬೆಯೋ ಆಗಬಹುದು. ಬಲಗಡೆಯ ಮುಂದಿನ ಲೆನ್ಸನ್ನು ಕೈಯಿಂದ ಮುಚ್ಚಿ. ಎರಡೂ ಕಣ್ಣು ತೆರೆದೇ ಇರಲಿ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚುರುಕಾಗಿ ಕಾಣುವಂತೆ ಮಾಡಿ. ಈಗ ಎಡಗಡೆಯ ಲೆನ್ಸ್ ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಡಯಾಪ್ಟರ್ ಬಳೆ ಮಾತ್ರ ತಿರುಗಿಸಿ ಬಲಗಣ್ಣಿಗೆ ಹೊಂದಿಸಿ. ಎರಡು ಸಲ ಮಾಡಿ ನೋಡಿ. ಎರಡೂ ಸಲ ಬಳೆ ಒಂದೇ ಗುರುತಿನ ಹತ್ತಿರ ನಿಂತರೆ ಸರಿ. ಬಳೆಗೆ ಬೀಗ ಇಲ್ಲದಿದ್ದರೆ ಆ ಜಾಗದಲ್ಲಿ ಬಣ್ಣದ ಒಂದು ಚುಕ್ಕೆ ಇಡಿ, ಚೀಲದಲ್ಲಿ ಉಜ್ಜಿ ತಿರುಗಿದರೂ ಗೊತ್ತಾಗುತ್ತದೆ.

ಕನ್ನಡಕ ಹಾಕುವವರು ಐಪೀಸಿನ ಸುತ್ತ ಇರುವ ಬಳೆಯನ್ನು (ಐಕಪ್) ಒಳಗೆ ಇಳಿಸಬೇಕು, ಹಾಕದವರು ಹೊರಗೆ ಎಳೆಯಬೇಕು. ನೋಡುವಾಗ ಅಂಚಿನಲ್ಲಿ ಕಪ್ಪು ನೆರಳು ಬಂದು ಹೋಗುತ್ತಿದ್ದರೆ ಕಣ್ಣು ಸರಿಯಾದ ದೂರದಲ್ಲಿ ಇಲ್ಲ ಅಂತ ಅರ್ಥ.

ಇನ್ನೊಂದು ಪರೀಕ್ಷೆ. ಬೈನಾಕ್ಯುಲರನ್ನು ಟ್ರೈಪಾಡ್ ಅಥವಾ ಗೋಡೆ ಮೇಲೆ ಭದ್ರವಾಗಿ ಇಟ್ಟು, ದೂರದ ಮಾಳಿಗೆಯ ಅಂಚಿನಂಥ ಅಡ್ಡಗೆರೆಗೆ ಫೋಕಸ್ ಮಾಡಿ. ಈಗ ಕಣ್ಣನ್ನು ನಿಧಾನಕ್ಕೆ ಒಂದು ಗೇಣಿನಷ್ಟು ಹಿಂದಕ್ಕೆ ತನ್ನಿ. ಎರಡು ಪುಟ್ಟ ವೃತ್ತ ಬೇರೆ ಬೇರೆಯಾಗಿ ಕಾಣುತ್ತವೆ. ಗೆರೆ ಎರಡರಲ್ಲೂ ಒಂದೇ ಎತ್ತರದಲ್ಲಿ ಇರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಎರಡು ಕೊಳವೆಗಳ ಹೊಂದಾಣಿಕೆ ತಪ್ಪಿದೆ. ಕೆಳಗೆ ಬಿದ್ದ ಬೈನಾಕ್ಯುಲರಿನಲ್ಲಿ ಇದು ಸಾಮಾನ್ಯ. ಮೆದುಳು ಎರಡು ಚಿತ್ರವನ್ನು ಬಲವಂತವಾಗಿ ಒಂದು ಮಾಡಲು ಹೋಗಿ ದಣಿಯುತ್ತದೆ, ತಲೆನೋವು ಬರುತ್ತದೆ. "ಅಗ್ಗದ ಗಾಜು ಕಣ್ಣು ನೋಯಿಸುತ್ತೆ" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ತಯಾರಕರ ಸರ್ವೀಸಿಗೆ ಕಳಿಸಿದರೆ ಸರಿ ಮಾಡಿಕೊಡುತ್ತಾರೆ.

ಹಂತ 3: ಕೈ ನಡುಕ ನಿಲ್ಲಿಸಿ, ಆಮೇಲೆ ಗಾಜಿನ ಬಗ್ಗೆ ಯೋಚಿಸಿ

10× ಬೈನಾಕ್ಯುಲರ್ ಪ್ರಾಣಿಯನ್ನು ಹತ್ತು ಪಟ್ಟು ದೊಡ್ಡದು ಮಾಡುತ್ತದೆ. ನಿಮ್ಮ ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಏದುಸಿರು ಬಿಡುತ್ತಾ ಗುಡ್ಡ ಹತ್ತಿ ನಿಂತಾಗ ಪ್ರಪಂಚದ ಅತ್ಯುತ್ತಮ ಗಾಜು ಕೊಟ್ಟರೂ ಕೊಂಬಿನ ಕವಲು ಎಣಿಸಲು ಆಗುವುದಿಲ್ಲ.

ಒಂದು ಪ್ರಯೋಗ ಮಾಡಿ. ಈಗಿರುವ ಬೈನಾಕ್ಯುಲರಿನಲ್ಲಿ ಒಂದು ಇಳಿಜಾರನ್ನು ಕೈಯಲ್ಲೇ ಹಿಡಿದು ಹತ್ತು ನಿಮಿಷ ನೋಡಿ. ಅದೇ ಇಳಿಜಾರನ್ನು ಟ್ರೈಪಾಡ್ ಮೇಲೆ ಇಟ್ಟು ಹತ್ತು ನಿಮಿಷ ನೋಡಿ. ಮೊದಲ ಸಲ ಕಾಣದೆ ಹೋದ ಹಕ್ಕಿ, ಎಲೆಯ ಅಲುಗಾಟ, ಬಂಡೆಯ ಪಕ್ಕದ ಬಾಲ, ಎಲ್ಲ ಎರಡನೇ ಸಲ ಕಣ್ಣಿಗೆ ಬೀಳುತ್ತವೆ. ಕಣ್ಣು ಅಲುಗಾಟವನ್ನು ಹಿಡಿಯುವುದರಲ್ಲಿ ಚುರುಕು. ಆದರೆ ಚಿತ್ರವೇ ಅಲುಗಾಡುತ್ತಿದ್ದರೆ ಅದರೊಳಗಿನ ಸಣ್ಣ ಅಲುಗಾಟ ಮುಚ್ಚಿಹೋಗುತ್ತದೆ.

ಹೆಚ್ಚಿನ ಬೈನಾಕ್ಯುಲರುಗಳ ಮುಂದೆ, ನಡುವಿನ ಕೀಲಿನ ತುದಿಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಟ್ರೈಪಾಡ್ ಅಡಾಪ್ಟರಿಗೆ ಥ್ರೆಡ್ ಸಿಗುತ್ತದೆ. ಕೆಲವರು ವರ್ಷಗಟ್ಟಲೆ ಬಳಸಿದರೂ ಆ ಮುಚ್ಚಳ ತೆಗೆಯುತ್ತದೆ ಅಂತಲೇ ಗೊತ್ತಿರುವುದಿಲ್ಲ. ಟ್ರೈಪಾಡ್ ಹೊರಲು ಆಗದಿದ್ದರೆ ಕೂತು ಮೊಣಕೈಗಳನ್ನು ಮಂಡಿ ಮೇಲೆ ಊರಿ, ಅಥವಾ ಚೀಲದ ಮೇಲೆ ಇಟ್ಟು ನೋಡಿ. ನಿಂತೇ ನೋಡುವಾಗ ಟೋಪಿಯ ಚುಂಚನ್ನೂ ಬೈನಾಕ್ಯುಲರನ್ನೂ ಬೆರಳಲ್ಲಿ ಒಟ್ಟಿಗೆ ಹಿಡಿದುಕೊಂಡರೆ ನಡುಕ ಎಷ್ಟೋ ಕಡಿಮೆ ಆಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಧ್ಯಮ ದರ್ಜೆಯ 10×42 ಜೊತೆ ಒಳ್ಳೆಯ ಟ್ರೈಪಾಡ್ ಇರುವವರು, ಕೈಯಲ್ಲಿ ಹಿಡಿದ ಅತಿ ದುಬಾರಿ 10×42 ಇರುವವರಿಗಿಂತ ಜಾಸ್ತಿ ಪ್ರಾಣಿ ಹುಡುಕುತ್ತಾರೆ. ಟ್ರೈಪಾಡ್ ಇಲ್ಲದೆ ಗಾಜಿಗೆ ಹಣ ಸುರಿಯುವುದು ಹಿಂದುಮುಂದಾದ ಕೆಲಸ.

ಹಂತ 4: ನಿಮಗೆ ಬೇಕಾದದ್ದು ಒಳ್ಳೆಯ ಗಾಜಾ, ಬೇರೆ ಅಳತೆಯಾ?

ಎಷ್ಟೋ ಜನರಿಗೆ ಬೇಕಾಗಿರುವುದು ದುಬಾರಿ ಬೈನಾಕ್ಯುಲರ್ ಅಲ್ಲ, ಬೇರೆ ಅಳತೆಯ ಬೈನಾಕ್ಯುಲರ್. ಇದಕ್ಕೆ ಸ್ವಲ್ಪ ಲೆಕ್ಕ ಬೇಕು.

ಮುಂದಿನ ಲೆನ್ಸಿನ ಅಗಲವನ್ನು ಹಿಗ್ಗಿಸುವ ಶಕ್ತಿಯಿಂದ ಭಾಗಿಸಿದರೆ ಎಕ್ಸಿಟ್ ಪ್ಯುಪಿಲ್ ಸಿಗುತ್ತದೆ. ಅಂದರೆ ಐಪೀಸಿನಿಂದ ಹೊರಗೆ ಬರುವ ಬೆಳಕಿನ ಕಂಬದ ಅಗಲ. 10×42ರಲ್ಲಿ ಅದು 4.2 ಮಿ.ಮೀ. 8×42ರಲ್ಲಿ 5.25. 10×50ರಲ್ಲಿ 5. ಜರ್ಮನಿ, ಆಸ್ಟ್ರಿಯಾ ಕಡೆ ಮಚಾನು ಮೇಲೆ ಕತ್ತಲಾಗುವವರೆಗೂ ಕೂರುವವರ ಅಚ್ಚುಮೆಚ್ಚಿನ 8×56ರಲ್ಲಿ 7 ಮಿ.ಮೀ.

ಈ ಬೆಳಕಿನ ಕಂಬ ನಿಮ್ಮ ಕಣ್ಣಿನ ಪಾಪೆಗಿಂತ ಅಗಲವಾಗಿದ್ದರೆ ಹೆಚ್ಚಿನದ್ದು ದಂಡ. ಎಳೆಯ ವಯಸ್ಸಿನಲ್ಲಿ ಕತ್ತಲಲ್ಲಿ ಪಾಪೆ ಸುಮಾರು 7 ಮಿ.ಮೀ.ವರೆಗೆ ಅರಳುತ್ತದೆ. ವಯಸ್ಸಾದಂತೆ 5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಥರ. ಕಣ್ಣಿನ ವೈದ್ಯರನ್ನು ಕೇಳಿದರೆ ಮಂದ ಬೆಳಕಿನಲ್ಲಿ ನಿಮ್ಮ ಪಾಪೆ ಎಷ್ಟು ಅರಳುತ್ತದೆ ಅಂತ ಅಳೆದು ಹೇಳುತ್ತಾರೆ. ದೊಡ್ಡ ಹಣ ಕೊಡುವ ಮುಂಚೆ ಆ ಒಂದು ಸಂಖ್ಯೆ ತಿಳಿದುಕೊಳ್ಳುವುದು ತುಂಬಾ ಒಳ್ಳೆಯದು.

ಈಗ ಮುಸ್ಸಂಜೆಯ ಲೆಕ್ಕ. ಮಧ್ಯಮ ದರ್ಜೆಯ ಬೈನಾಕ್ಯುಲರ್ ಒಳಗೆ ಬಂದ ಬೆಳಕಿನಲ್ಲಿ 86% ಕಣ್ಣಿಗೆ ತಲುಪಿಸುತ್ತದೆ ಅಂತಿಟ್ಟುಕೊಳ್ಳಿ. ಅತ್ಯುತ್ತಮವಾದದ್ದು 92%. ಅಂದರೆ ಮಧ್ಯಮ ದರ್ಜೆಯದ್ದಕ್ಕಿಂತ ಹೆಚ್ಚೆಂದರೆ 7% ಜಾಸ್ತಿ ಬೆಳಕು. ಆಕಾಶ ತಿಳಿಯಾಗಿದ್ದರೆ ಸೂರ್ಯ ಮುಳುಗುವಾಗ ನೆಲದ ಮೇಲೆ ಸುಮಾರು 400 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಇರುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಅದು 3-4 ಲಕ್ಸಿಗೆ ಇಳಿಯುತ್ತದೆ. ಅಂದರೆ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕರ್ಧ ಆಗುತ್ತಿದೆ. ಆ ಓಟದಲ್ಲಿ 7% ಜಾಸ್ತಿ ಬೆಳಕು ನಿಮಗೆ ಕೊಡುವುದು ಅರ್ಧ ನಿಮಿಷಕ್ಕಿಂತ ಕಡಿಮೆ.

ಅದೇ 42 ಮಿ.ಮೀ. ಲೆನ್ಸಿನಿಂದ 50 ಮಿ.ಮೀ. ಲೆನ್ಸಿಗೆ ಹೋದರೆ? ಬೆಳಕು ಹಿಡಿಯುವ ಜಾಗ 42% ಹೆಚ್ಚಾಗುತ್ತದೆ. 10× ಶಕ್ತಿಯಲ್ಲಿ, ಪಾಪೆ 5 ಮಿ.ಮೀ. ಇಲ್ಲವೇ ಅದಕ್ಕಿಂತ ಜಾಸ್ತಿ ಅರಳುವ ಕಣ್ಣಿಗೆ ಅಷ್ಟೂ ಸಿಗುತ್ತದೆ: ಎರಡು ನಿಮಿಷದ ಲಾಭ. ಪಾಪೆ 4.5 ಮಿ.ಮೀ. ಮಾತ್ರ ಅರಳುವವರಿಗೆ ಸಿಗುವುದು 15% ಅಷ್ಟೇ. ಹಾಗಾಗಿ ಸಂಜೆ ಬೆಳಕು ಸಾಲದು ಅನ್ನುವುದೇ ನಿಮ್ಮ ಒಂದೇ ದೂರಾದರೆ, ಅದೇ ದರ್ಜೆಯ ದೊಡ್ಡ ಲೆನ್ಸ್ ನೋಡಿ. ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ತೂಕ ಮಾತ್ರ ಹೊರಬೇಕು.

ಬೇಟೆಗೆ ಅನುಮತಿ ಇರುವ ಹಲವು ಕಡೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಗುಂಡು ಹಾರಿಸಬಹುದು. ಅಷ್ಟು ಬೆಳಕಿಗೆ ಯಾವುದೇ ಮರ್ಯಾದೆಯ 8×42 ಸಾಕು. ನಿಮ್ಮ ಜಾಗದ ನಿಯಮ ಏನು ಅಂತ ನೋಡಿಕೊಳ್ಳಿ. ಹಾಗೆಯೇ ಬಂದೂಕಿನ ಮೇಲಿನ ಸ್ಕೋಪ್ ಹೇಗಿದೆ ಅಂತಲೂ ನೋಡಿ. ಬೈನಾಕ್ಯುಲರಿನಲ್ಲಿ ಕಂಡ ಪ್ರಾಣಿ ಸ್ಕೋಪಿನಲ್ಲಿ ಕಾಣದಿದ್ದರೆ ಆ ಹೆಚ್ಚಿನ ಬೆಳಕಿಗೆ ಅರ್ಥವೇ ಇಲ್ಲ, ಅಲ್ವಾ? ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೈನಾಕ್ಯುಲರ್ ಸರಿಯಿಲ್ಲ ಅಂತ ಸ್ಕೋಪಿನಲ್ಲೇ ಸುತ್ತ ಹುಡುಕುವುದು ಯಾವತ್ತೂ ಕೂಡದು. ಪೊದೆ ಹಿಂದೆ ಇರುವುದು ಮನುಷ್ಯ ಆಗಿದ್ದರೆ ನೀವು ಅವರ ಕಡೆ ಬಂದೂಕು ಹಿಡಿದಿದ್ದೀರಿ.

ಹಂತ 5: ಜಾಸ್ತಿ ಹಣ ಎಲ್ಲಿ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಕೋಟಿಂಗ್ ಇಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಕೊಳವೆಯಲ್ಲಿ ಇಂಥ ಹತ್ತು ಮೇಲ್ಮೈ ಇದ್ದರೆ ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು. ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಕೋಟಿಂಗ್ ಕಂಡುಹಿಡಿದ ಮೇಲೆ ಆ ನಷ್ಟ ಇಳಿಯಿತು. ಇವತ್ತಿನ ಬಹುಪದರದ ಕೋಟಿಂಗ್ ಇದ್ದರೆ ಒಂದು ಮೇಲ್ಮೈಯಲ್ಲಿ ಅರ್ಧ ಶೇಕಡಾಕ್ಕಿಂತ ಕಡಿಮೆ ಹೋಗುತ್ತದೆ. ಹತ್ತು ಮೇಲ್ಮೈ ದಾಟಿದರೂ 95% ಉಳಿಯುತ್ತದೆ.

ನೇರ ಕೊಳವೆಯ ಬೈನಾಕ್ಯುಲರುಗಳಲ್ಲಿ ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ರೂಫ್ ಪ್ರಿಸಂ ಅನ್ನುವ ಗಾಜಿನ ತುಂಡು ಇರುತ್ತದೆ. ಅದರೊಳಗೆ ಬೆಳಕು ಎರಡು ಪಾಲಾಗಿ ಮತ್ತೆ ಸೇರುವಾಗ ತರಂಗಗಳ ಹೊಂದಾಣಿಕೆ ತಪ್ಪಿ ಚಿತ್ರ ಮಂಕಾಗುತ್ತದೆ. ಇದನ್ನು ಸರಿಪಡಿಸುವ ಫೇಸ್ ಕೋಟಿಂಗನ್ನು 1988ರಲ್ಲಿ ಝೈಸ್ ತಂದಿತು. ಆಗ ಅದು ದುಬಾರಿ ಬೈನಾಕ್ಯುಲರುಗಳ ಗುಟ್ಟಾಗಿತ್ತು. ಈಗ ಮಧ್ಯಮ ದರ್ಜೆಯವುಗಳಲ್ಲೂ ಇದೆ. ಪ್ರಿಸಂನ ಕನ್ನಡಿ ಲೇಪದಲ್ಲೂ ಇದೇ ಕಥೆ. ಅಲ್ಯುಮಿನಿಯಂ ಲೇಪ ಸುಮಾರು 90% ಹಿಂತಿರುಗಿಸುತ್ತದೆ, ಬೆಳ್ಳಿ 95%ಗಿಂತ ಜಾಸ್ತಿ, ಲೋಹವಿಲ್ಲದ ಬಹುಪದರದ ಡೈಎಲೆಕ್ಟ್ರಿಕ್ ಲೇಪ 99% ದಾಟುತ್ತದೆ. ಅದೂ ಈಗ ಮಧ್ಯಮ ದರ್ಜೆಗೆ ಇಳಿದಿದೆ. ಹಾಗಾಗಿಯೇ ಮೂವತ್ತು ವರ್ಷದ ಹಿಂದೆ ಕಣ್ಣಿಗೆ ಹೊಡೆಯುತ್ತಿದ್ದ ಅಂತರ ಇವತ್ತು ಅಷ್ಟಿಲ್ಲ. ನಿಮ್ಮ ಬೈನಾಕ್ಯುಲರ್ ತೀರಾ ಹಳೆಯದು, ಫೇಸ್ ಕೋಟಿಂಗ್ ಇಲ್ಲದ ರೂಫ್ ಪ್ರಿಸಂನದ್ದು ಅಂತಾದರೆ, ಇವತ್ತಿನ ಮಧ್ಯಮ ದರ್ಜೆಗೆ ಬಂದರೂ ದೊಡ್ಡ ಬದಲಾವಣೆ ಕಾಣುತ್ತದೆ. ನೇರ ಮೇಲಿನ ಮೆಟ್ಟಿಲಿಗೆ ಹಾರಬೇಕಿಲ್ಲ.

ಹಾಗಾದರೆ ತುದಿಯ ದರ್ಜೆಯಲ್ಲಿ ಉಳಿದದ್ದೇನು? ಮೊದಲನೆಯದು, ಎದುರು ಬಿಸಿಲನ್ನು ತಡೆಯುವ ಶಕ್ತಿ. ಕೊಳವೆಯೊಳಗಿನ ಕಪ್ಪು ಬಣ್ಣ, ಅಡ್ಡಪಟ್ಟಿಗಳು, ಲೆನ್ಸಿನ ಅಂಚಿಗೆ ಬಳಿದ ಮಸಿ, ಇವೆಲ್ಲ ಜಾಹೀರಾತಿನಲ್ಲಿ ಬರುವುದಿಲ್ಲ. ಆದರೆ ಸೂರ್ಯ ಗುಡ್ಡದ ಮೇಲೆ ಕೂತಿದ್ದಾಗ ಅದರ ಕೆಳಗಿನ ನೆರಳಲ್ಲಿ ಪ್ರಾಣಿ ಹುಡುಕುವಾಗ ಇದೇ ಎಲ್ಲ. ಅಗ್ಗದ ಕೊಳವೆಯಲ್ಲಿ ಕೆಳಗಿನ ಅರ್ಧ ಚಿತ್ರಕ್ಕೆ ಹಾಲು ಚೆಲ್ಲಿದ ಹಾಗೆ ಬಿಳಿ ಪರದೆ ಬೀಳುತ್ತದೆ. ಒಳ್ಳೆಯದರಲ್ಲಿ ನೆರಳು ನೆರಳಾಗಿಯೇ ಇರುತ್ತದೆ, ಅದರೊಳಗಿನ ಕಂದು ಮೈ ಬೇರೆಯಾಗಿ ಕಾಣುತ್ತದೆ. ಸಂಜೆ "ಜಾಸ್ತಿ ಬೆಳಕು" ಅಂತ ಜನ ಹೇಳುವುದರಲ್ಲಿ ದೊಡ್ಡ ಪಾಲು ಇದೇ ಅಂತ ನನ್ನ ನಂಬಿಕೆ.

ಎರಡನೆಯದು, ಅಗಲ. ಸಾಮಾನ್ಯ 10×42ರಲ್ಲಿ ಒಂದು ಸಾವಿರ ಮೀಟರ್ ದೂರದಲ್ಲಿ 105ರಿಂದ 115 ಮೀಟರ್ ಅಗಲದ ಜಾಗ ಕಾಣುತ್ತದೆ. 2020ರಲ್ಲಿ ಬಂದ ಸ್ವರೋವ್ಸ್ಕಿ ಎನ್‌ಎಲ್ ಪ್ಯೂರ್ 10×42ರಲ್ಲಿ 133 ಮೀಟರ್. ಸಂಖ್ಯೆ ಸಣ್ಣದು ಅನ್ನಿಸಬಹುದು, ಆದರೆ ನೋಡುವ ವೃತ್ತದ ಜಾಗವನ್ನು ಲೆಕ್ಕ ಹಾಕಿದರೆ 34ರಿಂದ 60%ವರೆಗೆ ಜಾಸ್ತಿ. ಅದೂ ಅಂಚಿನವರೆಗೆ ಚುರುಕಾಗಿ. ಟ್ರೈಪಾಡ್ ಮೇಲೆ ಇಟ್ಟು ನೋಡುವವರು ಬೈನಾಕ್ಯುಲರ್ ಅಲುಗಿಸದೆ ಕಣ್ಣನ್ನು ಮಾತ್ರ ಓಡಿಸುತ್ತಾರೆ. ಅಂಚು ಮಸುಕಾಗಿದ್ದರೆ ಕಾಣುವ ಜಾಗದ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಹೀಗೆ ಅಂಚಿನವರೆಗೆ ಚಪ್ಪಟೆ ಮಾಡಿದ ಚಿತ್ರವನ್ನು ಬೇಗ ಬೇಗ ಅತ್ತಿತ್ತ ತಿರುಗಿಸಿದರೆ ಕೆಲವರಿಗೆ ಗೋಳದ ಮೇಲೆ ಜಾರಿದ ಹಾಗೆ ಅನ್ನಿಸಿ ತಲೆ ತಿರುಗುತ್ತದೆ. ನೀವು ಆ ಕೆಲವರಲ್ಲಿ ಒಬ್ಬರಾ ಅಂತ ಕೊಳ್ಳುವ ಮುಂಚೆಯೇ ಗೊತ್ತಾಗಬೇಕು.

ಮೂರನೆಯದು, ಕೊಂಬಿನ ಅಂಚಿನಲ್ಲಿ ನೇರಳೆ, ಹಸಿರು ಬಣ್ಣದ ಗೆರೆ ಕಾಣದಿರುವುದು. ಇದಕ್ಕೆ ಇಡಿ (ED) ಅನ್ನುವ, ಬಣ್ಣಗಳು ಚದುರುವುದನ್ನು ಕಡಿಮೆ ಮಾಡುವ ಗಾಜು ಬಳಸುತ್ತಾರೆ. ಈಗ ಕೆಳಗಿನ ದರ್ಜೆಯಲ್ಲೂ ಸಿಗುತ್ತದೆ, ಆದರೆ ಎಲ್ಲ ಇಡಿ ಗಾಜೂ ಒಂದೇ ಅಲ್ಲ.

ಹಣ ಕೊಟ್ಟರೂ ಸಿಗದ ಒಂದು ವಿಷಯವೂ ಇದೆ. ಬಿಸಿ ನೆಲದಿಂದ ಏಳುವ ಗಾಳಿಯ ಅಲೆ ದೂರದ ಚಿತ್ರವನ್ನು ನಡುಗಿಸುತ್ತದೆ. ಅದನ್ನು ಯಾವ ಗಾಜೂ ಸರಿ ಮಾಡುವುದಿಲ್ಲ. ಮಂಜು, ಹೊಗೆಯೂ ಹಾಗೆಯೇ.

ಹಂತ 6: ಸಂಜೆ ಹೊತ್ತಲ್ಲಿ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿ

ಅಂಗಡಿಯ ದೀಪದ ಕೆಳಗೆ ಎಲ್ಲ ಬೈನಾಕ್ಯುಲರೂ ಚೆಂದ. ಅಲ್ಲಿ ನಿರ್ಧಾರ ಮಾಡಬೇಡಿ. ಗೆಳೆಯರದ್ದು ಎರವಲು ತನ್ನಿ, ಬಾಡಿಗೆಗೆ ಸಿಕ್ಕರೆ ತನ್ನಿ, ಅಥವಾ ವಾಪಸ್ ಕೊಡುವ ಅವಕಾಶ ಇರುವ ಕಡೆ ಕೊಳ್ಳಿ.

ಅಳತೆ ಒಂದೇ ಇರಲಿ. ನಿಮ್ಮ 10×42ಕ್ಕೆ ಅವರ 10×42. ನಿಮ್ಮ 8×42 ಜೊತೆ ಅವರ 10×50 ಹೋಲಿಸಿದರೆ ಗಾಜಿನ ಗುಣ ಯಾವುದು, ಅಳತೆಯ ಗುಣ ಯಾವುದು ಗೊತ್ತಾಗುವುದಿಲ್ಲ. ಸಾಧ್ಯವಾದರೆ ನಡುವಿನ ದರ್ಜೆಯ ಮೂರನೆಯದೊಂದನ್ನೂ ಸೇರಿಸಿ. ಎಲ್ಲದರಲ್ಲೂ ನಿಮ್ಮ ಕಣ್ಣಿಗೆ ಡಯಾಪ್ಟರ್ ಹೊಂದಿಸಿ, ಗಾಜು ಒರೆಸಿ, ಟ್ರೈಪಾಡ್ ಮೇಲೆ ಇಡಿ.

ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ ಹೊರಡಿ. ಒಂದು ಕಾಗದದಲ್ಲಿ ಬೇರೆ ಬೇರೆ ಗಾತ್ರದ ಅಕ್ಷರಗಳ ಸಾಲು ಬರೆದು, ಎಪ್ಪತ್ತು ಎಂಬತ್ತು ಮೀಟರ್ ದೂರದ ಪೊದೆಯ ನೆರಳಲ್ಲಿ ಸಿಕ್ಕಿಸಿ. ಅಕ್ಷರಗಳು ನಿಮಗೆ ಬಾಯಿಪಾಠ ಆಗದಂತೆ ಬೇರೆಯವರಿಂದ ಬರೆಸಿ. ಅದರ ಪಕ್ಕದಲ್ಲಿ ಕಂದು ಬಣ್ಣದ ಒಂದು ಬಟ್ಟೆಯನ್ನು ಒಣ ಎಲೆಗಳ ನಡುವೆ ಅರ್ಧ ಮರೆಯಾಗುವಂತೆ ಇಡಿ.

ಬೆಳಕು ಇರುವಾಗ ಮೊದಲು ಎದುರು ಬಿಸಿಲಿನ ಪರೀಕ್ಷೆ. ಸೂರ್ಯನ ಕಡೆಗಿನ ಕಾಡಂಚಿನ ನೆರಳನ್ನು ನೋಡಿ. ಸೂರ್ಯ ಮಾತ್ರ ನೋಡುವ ವೃತ್ತದೊಳಗೆ ಯಾವ ಕಾರಣಕ್ಕೂ ಬರಬಾರದು, ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮರದ ಬುಡವೋ ಬಂಡೆಯೋ ಸೂರ್ಯನನ್ನು ಮರೆ ಮಾಡಿರುವ ಜಾಗ ಆರಿಸಿಕೊಳ್ಳಿ. ಯಾವುದರಲ್ಲಿ ಬಿಳಿ ಪರದೆ ಬೀಳುತ್ತದೆ, ಯಾವುದರಲ್ಲಿ ತೊಗಟೆಯ ಬಿರುಕು ಕಾಣುತ್ತದೆ ಅಂತ ಬರೆದುಕೊಳ್ಳಿ.

ಸೂರ್ಯ ಮುಳುಗಿದ ಮೇಲೆ ಎರಡೆರಡು ನಿಮಿಷಕ್ಕೆ ಬೈನಾಕ್ಯುಲರ್ ಬದಲಿಸುತ್ತಾ ಅಕ್ಷರದ ಸಾಲು ಓದಿ. ಯಾವ ಸಾಲು ಎಷ್ಟು ಹೊತ್ತಿಗೆ ಓದಲಾಗದೆ ಹೋಯಿತು, ಬಟ್ಟೆ ಎಷ್ಟು ಹೊತ್ತಿಗೆ ಎಲೆಯೊಳಗೆ ಕರಗಿತು, ಗಡಿಯಾರ ನೋಡಿ ಗುರುತು ಹಾಕಿ. ಕೊನೆಗೆ ನಿಮ್ಮ ಕೈಯಲ್ಲಿ ನಿಮಿಷಗಳ ಲೆಕ್ಕ ಇರುತ್ತದೆ. ಅದು ನಿಮ್ಮ ಕಣ್ಣಿನ ಲೆಕ್ಕ. ಯಾರ ಶಿಫಾರಸಿಗಿಂತಲೂ ಇದನ್ನು ನಂಬಿ.

ಇನ್ನೊಂದು ದಿನ ಗಂಟೆಗಳ ಪರೀಕ್ಷೆ ಮಾಡಿ. ಒಂದು ಬೆಳಗ್ಗೆ ನಿಮ್ಮ ಹಳೆಯದರಲ್ಲಿ ಎರಡು ಗಂಟೆ, ಇನ್ನೊಂದು ಬೆಳಗ್ಗೆ ದುಬಾರಿಯದರಲ್ಲಿ ಎರಡು ಗಂಟೆ, ಒಂದೇ ಇಳಿಜಾರು. ಕೊನೆಯ ಅರ್ಧ ಗಂಟೆಯಲ್ಲಿ ನೀವು ಹೇಗೆ ನೋಡುತ್ತಿದ್ದೀರಿ ಅಂತ ಗಮನಿಸಿ. ಸುಮ್ನೆ ಗಾಜು ಓಡಿಸುತ್ತಿದ್ದೀರಾ, ನಿಜವಾಗಿ ಹುಡುಕುತ್ತಿದ್ದೀರಾ? ಕಣ್ಣು ಉಜ್ಜಿಕೊಳ್ಳುತ್ತಿದ್ದೀರಾ? ಈ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡರೆ ಅದು ಪ್ರತಿ ಸೀಸನ್ನಿನಲ್ಲೂ ಪ್ರತಿ ದಿನವೂ ಸಿಗುವ ಲಾಭ.

ಹಂತ 7: ಮೈಗೆ ಹೊಂದುತ್ತದಾ?

ಕನ್ನಡಕ ಹಾಕುವವರು ಐ ರಿಲೀಫ್ ಅನ್ನುವ ಸಂಖ್ಯೆ, ಅಂದರೆ ಐಪೀಸಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೂ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆ, ನೋಡಲೇಬೇಕು. 16ರಿಂದ 18 ಮಿ.ಮೀ. ಇದ್ದರೆ ಪೂರ್ತಿ ವೃತ್ತ ಕಾಣುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಅಗಲ ಅಂತ ಬರೆದಿದ್ದರೂ ನಿಮಗೆ ಸಿಗುವುದು ಒಳಗಿನ ಪಾಲು ಮಾತ್ರ. ಮುಖದ ಆಕಾರ, ಮೂಗಿನ ಅಗಲ, ಕಣ್ಣುಗಳ ನಡುವಿನ ದೂರ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಫೋಕಸ್ ಚಕ್ರವನ್ನು ಬೇಟೆಗೆ ಹಾಕುವ ಕೈಗವಸು ಹಾಕಿಯೇ ತಿರುಗಿಸಿ ನೋಡಿ. 42 ಮಿ.ಮೀ.ನ ಒಳ್ಳೆಯ ಬೈನಾಕ್ಯುಲರ್ ಸುಮಾರು 800 ಗ್ರಾಂ ಇರುತ್ತದೆ. ಇಡೀ ದಿನ ಕೊರಳ ಪಟ್ಟಿಯಲ್ಲಿ ಹೊತ್ತರೆ ಕತ್ತು ಹಿಡಿಯುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ತಗೊಳ್ಳಿ. ಇದು ಯಾವ ದರ್ಜೆಯದ್ದಕ್ಕೂ ಬೇಕು.

ಹಂತ 8: ಕಾಗದಪತ್ರ ಮತ್ತು ಹಳೆಯ ಮಾಲು

ವಾರಂಟಿ ಎಷ್ಟು ವರ್ಷ ಅಂತ ಕೇಳಿದರೆ ಸಾಲದು. ಬಿದ್ದು ಒಡೆದರೂ ಒಳಗೊಳ್ಳುತ್ತದಾ? ಎರಡನೆಯ ಮಾಲೀಕರಿಗೂ ಅನ್ವಯಿಸುತ್ತದಾ? ರಿಪೇರಿಗೆ ಎಲ್ಲಿಗೆ ಕಳಿಸಬೇಕು, ಸೀಸನ್ ನಡುವೆ ಎಷ್ಟು ವಾರ ಕಾಯಬೇಕು? ಉತ್ತರ ಬರಹದಲ್ಲಿ ಪಡೆಯಿರಿ.

ತುದಿಯ ದರ್ಜೆಯ ಬೈನಾಕ್ಯುಲರುಗಳು ಬಹಳ ವರ್ಷ ಬಾಳುತ್ತವೆ, ಮರುಮಾರಾಟದಲ್ಲೂ ಬೆಲೆ ಬೇಗ ಇಳಿಯುವುದಿಲ್ಲ. ಹಾಗಾಗಿ ಒಂದು ತಲೆಮಾರು ಹಿಂದಿನ ಮಾದರಿಯನ್ನು ಹಳೆಯದಾಗಿ ಕೊಳ್ಳುವುದು ಜಾಣ ದಾರಿ. ಕೊಳ್ಳುವಾಗ ಮುಂದಿನ ಲೆನ್ಸಿನ ಕಡೆಯಿಂದ ಟಾರ್ಚ್ ಬಿಟ್ಟು ಐಪೀಸಿನ ಕಡೆಯಿಂದ ಓರೆಯಾಗಿ ಇಣುಕಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಶಿಲೀಂಧ್ರ, ಬಿಟ್ಟುಬಿಡಿ. ಒಳಗೆ ಮಬ್ಬು ಇದ್ದರೆ ಸೀಲ್ ಹೋಗಿದೆ, ತೇವ ತಡೆಯಲು ಒಳಗೆ ತುಂಬಿದ್ದ ಸಾರಜನಕ ಹೊರಟುಹೋಗಿ ತೇವ ಸೇರಿದೆ. ಕೀಲು ಸಡಿಲ ಇರಬಾರದು. ಎರಡನೇ ಹಂತದಲ್ಲಿ ಹೇಳಿದ ಅಡ್ಡಗೆರೆಯ ಪರೀಕ್ಷೆ ತಪ್ಪದೆ ಮಾಡಿ.

ಹಂತ 9: ನಿರ್ಧಾರ

ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಗಾಜಿನೊಳಗೆ ಇರುತ್ತೀರಿ, ಟ್ರೈಪಾಡ್ ಆಗಲೇ ಇದೆ, ಹಳೆಯದು ಸ್ವಚ್ಛವಾಗಿದೆ, ಹೊಂದಾಣಿಕೆ ಸರಿಯಿದೆ, ಅಳತೆಯೂ ನಿಮ್ಮ ಬೇಟೆಗೆ ತಕ್ಕದ್ದು, ಆದರೂ ಎರಡು ಗಂಟೆಯ ಪರೀಕ್ಷೆಯಲ್ಲಿ ದುಬಾರಿಯದ್ದು ಗೆದ್ದಿತು ಅಂತಾದರೆ ಧೈರ್ಯವಾಗಿ ಕೊಳ್ಳಿ. ಸಾಲ ಮಾಡದೆ ಕೊಳ್ಳುವಂತಿದ್ದರೆ ಈ ಖರ್ಚಿಗೆ ಸಂಕೋಚ ಪಡಬೇಕಾಗಿಲ್ಲ. ಇದರಲ್ಲಿ ಒಂದು ಕೊಂಡಿ ತಪ್ಪಿದ್ದರೂ ಮೊದಲು ಅದನ್ನು ಸರಿಪಡಿಸಿ, ಒಂದು ಸೀಸನ್ ಕಳೆಯಿರಿ, ಆಮೇಲೆ ಪರೀಕ್ಷೆ ಮತ್ತೆ ಮಾಡಿ.

ಪರೀಕ್ಷೆಯಲ್ಲಿ ನಡುವಿನ ದರ್ಜೆಯದ್ದು ದುಬಾರಿಯದಕ್ಕೆ ಹತ್ತಿರ ಹತ್ತಿರ ಬಂದರೆ, ಹಾಗೆ ಆಗುವುದು ಅಪರೂಪವೇನಲ್ಲ, ಅದನ್ನೇ ತಗೊಂಡು ಉಳಿದ ಹಣದಲ್ಲಿ ಗಟ್ಟಿ ಟ್ರೈಪಾಡ್, ಟ್ರೈಪಾಡ್ ಮೇಲೆ ಕೂರಿಸುವ, ನುಣ್ಣಗೆ ತಿರುಗುವ ಫ್ಲೂಯಿಡ್ ಹೆಡ್, ಹಾರ್ನೆಸ್ ಕೊಳ್ಳಿ. ದುಬಾರಿಯದ್ದೇ ಕೊಂಡರೆ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಆರನೇ ಹಂತದ ಎರಡೂ ಪರೀಕ್ಷೆಯನ್ನು ಆ ಹೊಸ ಬೈನಾಕ್ಯುಲರಿನಲ್ಲೇ ಇನ್ನೊಮ್ಮೆ ಮಾಡಿ. ಒಂದೇ ಮಾದರಿಯ ಎರಡು ಬೈನಾಕ್ಯುಲರುಗಳ ನಡುವೆಯೂ ಹೆಚ್ಚುಕಡಿಮೆ ಇರಬಹುದು. ನೀವು ಎರವಲು ತಂದು ನೋಡಿದ್ದು ಬೇರೆ, ಪೆಟ್ಟಿಗೆಯಲ್ಲಿ ಬಂದದ್ದು ಬೇರೆ. ಹಳೆಯದನ್ನು ಅಷ್ಟು ದಿನದವರೆಗೆ ಮಾರಬೇಡಿ.